ಶೆಡ್ಡಿನ ಸೊರಗಿದ ಕೂಸುಗಳು ಚೇತರಿಸಿಕೊಳ್ಳಲು: ಮಾಡಬೇಕಾದ್ದು, ಮಾಡಬಾರದ್ದು

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದಿರುವ ತಂದೆ-ತಾಯಂದಿರಿಗೆ, ಅವರ ಮೇಸ್ತ್ರಿಗಳಿಗೆ. ಓದು ಬಂದವರು ಬಾರದವರಿಗೆ ಓದಿ ಹೇಳಿ.

ಮೊದಲು ಅಳತೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಪ್ರತಿ ಕೂಸಿನ ಎಡತೋಳಿಗೆ ತಿಂಗಳಿಗೊಮ್ಮೆ ಬಣ್ಣದ ಪಟ್ಟಿ ಹಾಕಿಸಿ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಲ್ಲಿಂದ 12.5ರವರೆಗೆ ಹಳದಿ. ಎರಡೂ ಪಾದಗಳ ಮೇಲೆ ಹೆಬ್ಬೆರಳು ಒತ್ತಿ ಮೂರು ಎಣಿಸಿ ಬಿಡಿ. ಕುಳಿ ಹಾಗೇ ಉಳಿದರೆ ಅದೂ ಕೆಂಪೇ. ಕೂಸು ಮೈ ತುಂಬಿಕೊಂಡಿದೆ ಎಂದು ಹಿಗ್ಗಬೇಡಿ, ಅದು ಬಾವು.

ಮಾಡಬೇಕಾದ್ದು

ಕೆಂಪು ಬಂದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎಂದರೆ ಸೇರಿಸಿ. ಸಾಮಾನ್ಯವಾಗಿ 14 ದಿನ. ತಾಯಿಗೆ ಅಲ್ಲೇ ಊಟ. ತಪ್ಪಿದ ಕೂಲಿಗೆ ಹಣವೂ ಸಿಗುತ್ತದೆ, ಪಾಸ್‌ಬುಕ್ ಒಯ್ಯಿರಿ. ಕೆಲವು ದಿನಕ್ಕೆ ಕೂಸು ನಗತೊಡಗುತ್ತದೆ. ಅದನ್ನು ನೋಡಿ, ಶನಿವಾರದ ಬಟವಾಡೆ ನೆನೆದು ಓಡಿ ಬರುವವರಿದ್ದಾರೆ. ಬರಬೇಡಿ. ಬಿಡುಗಡೆಯಾದ ಮೇಲೂ 15 ದಿನಕ್ಕೊಮ್ಮೆ ನಾಲ್ಕು ಸಲ ತೋರಿಸಬೇಕು.

ಹಳದಿ ಕೂಸಿಗೆ ಬೇರೆ ಬಟ್ಟಲಿಡಿ, ದಿನಕ್ಕೆ ಐದಾರು ಸಲ ಉಣಿಸಿ. ಬೇಳೆ ಕಟ್ಟು ಸಾಲದು, ಬೇಳೆಯನ್ನೇ ಅನ್ನಕ್ಕೆ ಕಿವುಚಿ ಒಂದು ಚಮಚ ಎಣ್ಣೆ ಹಾಕಿ. ಮೊಟ್ಟೆ ಕೊಡಿ. ಹುರಿದ ಶೇಂಗಾ ನುಣ್ಣಗೆ ಪುಡಿಮಾಡಿ ಬೆಲ್ಲ ಬೆರೆಸಿ ಕೊಡಿ. ಇಡೀ ಕಾಳು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಹೆಸರು ಊರಿನ ಅಂಗನವಾಡಿಯಲ್ಲಿದ್ದರೆ ಇಲ್ಲಿಗೆ ವರ್ಗಾಯಿಸಲು ಕೇಳಿ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಅದಕ್ಕೆ ದಾರಿಯಿದೆ. ಯುಗಾದಿಗೆ ಊರಿಗೆ ಹೊರಟರೆ ತಾಯಿ ಕಾರ್ಡು, ಆಸ್ಪತ್ರೆಯ ಚೀಟಿ ಗಂಟಿನಲ್ಲಿರಲಿ.

ಮಾಡಬಾರದ್ದು

ಸೆಂಟ್ರಿಂಗ್ ಕಂಬಕ್ಕೆ ಕಟ್ಟಿದ ಸೀರೆ ಜೋಳಿಗೆಯಲ್ಲಿ ಕೂಸು ಅಳದೆ ಬಿದ್ದಿದ್ದರೆ ಜಾಣ ಕೂಸು ಎನ್ನಬೇಡಿ. ಅಳಲೂ ತ್ರಾಣವಿಲ್ಲದಿರಬಹುದು. ಎಂಟು ವರ್ಷದ ಅಕ್ಕನ ಕೈಗೆ ಅದರ ಊಟ ಒಪ್ಪಿಸಿ ಹೋಗಬೇಡಿ. ಅವಳೂ ಮಗುವೇ.

ಚಹಾದಲ್ಲಿ ಅದ್ದಿದ ಬನ್ನು ಊಟವಲ್ಲ. ಹಾಲಿಗೆ ನೀರು ಬೆರೆಸಿ ಹೆಚ್ಚಿಸಬೇಡಿ. ಭೇದಿಯಾದರೂ ಎದೆಹಾಲು ಬಿಡಿಸಬೇಡಿ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದೇ, ನೀರೂ ಬೇಡ.

ಸೊರಗಿದ ಕೂಸಿಗೆ ಬೀದಿ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಏರಿಸಬೇಡಿ; ಅದರ ಹೃದಯ ಅಷ್ಟು ನೀರು ತಡೆಯುವುದಿಲ್ಲ. ಅಂಗಡಿಯ ಕಬ್ಬಿಣದ ಟಾನಿಕ್ಕನ್ನೂ ಕೇಳದೆ ಕುಡಿಸಬೇಡಿ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ನಮ್ಮ ತಕರಾರಿಲ್ಲ. ಬರೆ ಎಳೆಸಿದರೆ ಮಾತ್ರ ಸುಮ್ಮನಿರುವುದಿಲ್ಲ.

ಮೇಸ್ತ್ರಿಗಳೇ, ಕ್ಯೂರಿಂಗ್‌ಗೆ ಹೊತ್ತು ಹೊತ್ತಿಗೆ ನೀರು ಹಿಡಿಸುವ ನಿಮಗೆ ಕೂಸಿನ ಊಟದ ಹೊತ್ತು ತಿಳಿಯದೆಂದರೆ ನಾವು ನಂಬುವುದಿಲ್ಲ. ತಾಯಿ ಹಾಲೂಡಿಸಲು ಹೋದರೆ ಕೂಲಿ ಮುರಿಯಬೇಡಿ.

ಕೂಸು ಹಾಲು ಹೀರದಿದ್ದರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಎದೆಗವುಚಿ ಸೀರೆ ಹೊದಿಸಿ, 108ಕ್ಕೆ ಫೋನ್ ಮಾಡಿ. ನಡುರಾತ್ರಿಯಾದರೂ ವಾಚ್‌ಮನ್ ಗೇಟು ತೆಗೆಯತಕ್ಕದ್ದು.