ಪುಲಿಗೆರೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಪೂರ್ವದಲ್ಲಿ ಪುಲಿಗೆರೆ ಎಂಬ ಹೆಸರಿದ್ದಿತು. 'ಪುಲಿ' ಎಂದರೆ ಹುಲಿ; ಅದರೊಡನೆ ಸೇರಿದ 'ಕೆರೆ'ಯು 'ಗೆರೆ'ಯಾಯಿತು. ಇದು ನೀವು ವ್ಯಾಕರಣದಲ್ಲಿ ಓದಿರುವ ಆದೇಶಸಂಧಿ. ಹುಲಿಗಳು ನೀರಿಗಿಳಿಯುತ್ತಿದ್ದ ಕೆರೆಯೊಂದು ಇಲ್ಲಿ ಇದ್ದಿರಬೇಕು. ಈ ಬಯಲುಸೀಮೆಯ ಎರೆಹೊಲಗಳ ನಡುವೆ ನಿಂತವರಿಗೆ ಇಂದು ಅದನ್ನು ನಂಬುವುದೇ ಕಷ್ಟ! ಹಳಗನ್ನಡದ ಪಕಾರವು ಹಕಾರವಾದಾಗ ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪುಲಿಗೆರೆಯೂ ಹುಲಿಗೆರೆಯಾಯಿತು. ಸಂಸ್ಕೃತ ಶಾಸನಗಳನ್ನು ರಚಿಸಿದ ಪಂಡಿತರು ಇದನ್ನೇ ಪುಲಿಕರನಗರವೆಂದು ಬರೆದರು. ಪಾಪ, ಅಲ್ಲಿ ಕೆರೆಯೇ ಮರೆಯಾಯಿತು!

ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಇದು ಮುಖ್ಯ ಪಟ್ಟಣವಾಗಿದ್ದಿತು. ಆದರೆ ಇದರ ಹಿರಿಮೆ ಇರುವುದು ನುಡಿಯಲ್ಲಿ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಇವುಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕರೆದಿದೆ. ಪಂಪನು ಆಶ್ರಯ ಪಡೆದದ್ದು ದೂರದ ವೇಮುಲವಾಡದ ಅರಸನಾದ ಅರಿಕೇಸರಿಯಲ್ಲಿ. ಆದರೂ ಕ್ರಿ.ಶ. 941ರಲ್ಲಿ ತನ್ನ ಭಾರತವನ್ನು ರಚಿಸಿದಾಗ ಅದಕ್ಕೆ ಪುಲಿಗೆರೆಯ ತಿರುಳ್ಗನ್ನಡವನ್ನೇ ಆರಿಸಿಕೊಂಡುದಾಗಿ ಹೇಳಿದನು. ಒಂದು ಊರಿಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದಿದೆ?

ಲಕ್ಷ್ಮೇಶ್ವರವೆಂಬ ಹೆಸರು ನೆಲೆಗೊಂಡ ಮೇಲೂ ಹಳೆಯ ಹೆಸರು ಅಳಿದಿಲ್ಲ. ಇಲ್ಲಿಯ ಸೋಮೇಶ್ವರ ದೇವಾಲಯದ ಆವರಣದಲ್ಲಿ ನಡೆದುಬಂದಿರುವ ಸಂಗೀತ ನೃತ್ಯಗಳ ಉತ್ಸವಕ್ಕೆ 'ಪುಲಿಗೆರೆ ಉತ್ಸವ'ವೆಂದೇ ಹೆಸರು.