ಎಳೆಯ ಮಿದುಳಿನ ಗ್ರಾಹಕಗಳು: ಆಕ್ಸಿಟೋಸಿನ್ನಿನ ನಿದರ್ಶನ

ಕರುವನ್ನು ಕೆಚ್ಚಲಿಗೆ ಬಿಟ್ಟೊಡನೆ ಹಸು ತೊರೆಬಿಡುವುದನ್ನು ಕಾಣದವರು ಹಳ್ಳಿಗಳಲ್ಲಿ ವಿರಳ. ಆ ಹೊತ್ತಿನಲ್ಲಿ ಹಸುವಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ದ್ರವ್ಯವು ರಕ್ತಕ್ಕೆ ಇಳಿದು, ಕೆಚ್ಚಲನ್ನು ಸೇರಿ, ಹಾಲನ್ನು ಹಿಂಡಿ ಹೊರದೂಡುತ್ತದೆ. ಇದು ಒಂಬತ್ತು ಅಮೈನೋ ಆಮ್ಲಗಳ ಕಿರುಸರಪಣಿ. ನರಕೋಶಗಳಲ್ಲಿ ಹುಟ್ಟುವುದರಿಂದ ಇಂತಹವುಗಳಿಗೆ ನರಪೆಪ್ಟೈಡ್ ಎಂದು ಹೆಸರು. ಇದನ್ನು ಪ್ರಯೋಗಶಾಲೆಯಲ್ಲಿ ಮೊದಲು ಕಟ್ಟಿ ತೋರಿಸಿದ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಗ್ರೀಕ್ ಮೂಲದ ಈ ಹೆಸರಿಗೆ ‘ಶೀಘ್ರಪ್ರಸವ’ವೆಂದು ಅರ್ಥ. ಪಿಟ್ಯುಟರಿಯ ಸತ್ತ್ವವು ಗರ್ಭಕೋಶವನ್ನು ಸಂಕೋಚಗೊಳಿಸುವುದನ್ನು ಹೆನ್ರಿ ಡೇಲ್ 1906ರಲ್ಲಿ ಕಂಡುದರ ಫಲವಿದು. ಹೆಸರು ಒಮ್ಮೊಮ್ಮೆ ವಸ್ತುವಿನ ಸ್ವರೂಪವನ್ನು ಮುಚ್ಚಿಬಿಡುತ್ತದೆ. 1996ರಲ್ಲಿ ಆಕ್ಸಿಟೋಸಿನ್ನೇ ಇಲ್ಲದಂತೆ ಮಾಡಿದ ಹೆಣ್ಣಿಲಿಗಳನ್ನು ಪರೀಕ್ಷಿಸಿದಾಗ, ಅವು ಸುಸೂತ್ರವಾಗಿ ಹೆತ್ತವು. ಆದರೆ ಮರಿಗಳಿಗೆ ಹಾಲು ಇಳಿಯಲಿಲ್ಲ. ಮರಿಗಳು ಬದುಕಿದುದು ಬೇರೆ ತಾಯಂದಿರ ಮೊಲೆಯಿಂದ. ನಿರುಕ್ತಿಯನ್ನೇ ನೆಚ್ಚಿದವರಿಗೆ ಇದೊಂದು ಎಚ್ಚರಿಕೆ.

ದ್ರವ್ಯವೊಂದಿದ್ದರೆ ಸಾಲದು, ಅದನ್ನು ಬರಮಾಡಿಕೊಳ್ಳುವ ಠಾವು ಬೇಕು. ಅದೇ ಗ್ರಾಹಕ. ಅಂಗಡಿಯ ಭಾಷೆಯಲ್ಲಿ ಗ್ರಾಹಕನೆಂದರೆ ಕೊಳ್ಳುವವನು. ಇಲ್ಲಿ ಧಾತ್ವರ್ಥವೇ ಸಾಕು: ಗ್ರಹಿಸುವುದು. ಆಕ್ಸಿಟೋಸಿನ್ ಗ್ರಾಹಕವು ಕೋಶದ ಪೊರೆಯನ್ನು ಏಳು ಸಲ ಹಾಯ್ದು ಹೊರಗೂ ಒಳಗೂ ಚಾಚಿಕೊಂಡಿರುವ ಪ್ರೋಟೀನು. ಮನುಷ್ಯರಲ್ಲಿ ಇದರ ಉದ್ದ 389 ಅಮೈನೋ ಆಮ್ಲಗಳು. ಹೊರತುದಿಗೆ ಪೆಪ್ಟೈಡ್ ತಗುಲಿದಾಗ ಒಳತುದಿಯಲ್ಲಿ ಕೋಶದ ವರ್ತನೆ ಮಾರ್ಪಡುತ್ತದೆ. ಗ್ರಾಹಕವಿಲ್ಲದ ಕೋಶಕ್ಕೆ ಸಂದೇಶ ಬಂದರೂ ಬಾರದಂತೆಯೇ. ಆದ್ದರಿಂದ ಮಿದುಳಿನ ಯಾವ ಭಾಗದಲ್ಲಿ, ಯಾವ ವಯಸ್ಸಿನಲ್ಲಿ ಗ್ರಾಹಕಗಳು ನೆಲೆಸಿವೆಯೆಂಬುದೇ ಮುಖ್ಯ ಪ್ರಶ್ನೆ.

ಎಳೆಯ ಮಿದುಳು ಹಿರಿಯ ಮಿದುಳಿನ ಚಿಕ್ಕ ಪ್ರತಿಯಲ್ಲ. ಇಲಿಮರಿಯ ಮಿದುಳಿನ ಹೊರಪದರದಲ್ಲಿ ಈ ಗ್ರಾಹಕಗಳು ಹುಟ್ಟಿದ ಎರಡನೆಯ ವಾರದ ಸುಮಾರಿಗೆ ತುಂಬಿ ತೋರಿ, ಬಳಿಕ ಬಹುಮಟ್ಟಿಗೆ ಇಳಿದುಹೋಗುತ್ತವೆ. ಮರಿ ಕಣ್ಣು ತೆರೆಯುವುದೂ, ಗೂಡಿನಾಚೆಗೆ ಜಗತ್ತುಂಟೆಂದು ಅರಿಯತೊಡಗುವುದೂ ಹೆಚ್ಚು ಕಡಿಮೆ ಆ ದಿನಗಳಲ್ಲಿಯೇ.

ಇದಕ್ಕೂ ಮುಂಚಿನ ಸಂಗತಿ ಇನ್ನೂ ವಿಸ್ಮಯಕರ. ಬೆಳೆದ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವು ನರಕೋಶಗಳನ್ನು ಶಾಂತಗೊಳಿಸುತ್ತದೆ. ಭ್ರೂಣದಲ್ಲಿಯಾದರೋ ಕೋಶದೊಳಗೆ ಕ್ಲೋರೈಡ್ ಹೆಚ್ಚಾಗಿರುವುದರಿಂದ ಅದೇ ಗಾಬಾ ಅವನ್ನು ಉದ್ರೇಕಿಸುತ್ತದೆ. ಹೆರಿಗೆಯ ವೇಳೆ ತಾಯಿಯ ಆಕ್ಸಿಟೋಸಿನ್ ಮರಿಯ ಮಿದುಳಿನ ಗ್ರಾಹಕಗಳ ಮೂಲಕ ಈ ಗುಣವನ್ನು ಸ್ವಲ್ಪಕಾಲ ತಿರುಗಿಸಿ, ಕೋಶಗಳ ಸದ್ದಡಗಿಸುತ್ತದೆಯೆಂದು ಫ್ರಾನ್ಸಿನ ಮಾರ್ಸೇಯ್ ನಗರದ ಸಂಶೋಧಕರು ಇಲಿಗಳಲ್ಲಿ ಕಂಡು 2006ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ಆಮ್ಲಜನಕದ ಕೊರತೆಯುಂಟಾದರೆ, ವಿಶ್ರಮಿಸುತ್ತಿರುವ ಕೋಶವು ದುಡಿಯುತ್ತಿರುವ ಕೋಶಕ್ಕಿಂತ ಹೆಚ್ಚು ಹೊತ್ತು ತಾಳಬಲ್ಲುದು. ಗರ್ಭಕೋಶವನ್ನು ಹಿಂಡುವ ದ್ರವ್ಯವೇ ಹೊರಬರುತ್ತಿರುವ ಶಿಶುವಿಗೆ ಕವಚವಾಗುವುದೆಂದರೆ ಸಾಮಾನ್ಯವಲ್ಲ. ಇಲಿಯಲ್ಲಿ ಕಂಡುದನ್ನು ಮನುಷ್ಯಶಿಶುವಿಗೆ ಹಾಗೆಯೇ ಅನ್ವಯಿಸುವುದು ಮಾತ್ರ ಆತುರವಾದೀತು.

ಗ್ರಾಹಕಗಳ ಪ್ರಮಾಣವು ಹುಟ್ಟಿನಿಂದಲೇ ನಿಗದಿಯಾಗಿಬಿಟ್ಟಿಲ್ಲ. ಮರಿಗಳನ್ನು ಹೆಚ್ಚಾಗಿ ನೆಕ್ಕಿ ನೇವರಿಸುವ ತಾಯಿ ಇಲಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಈ ಗ್ರಾಹಕಗಳು ಅಧಿಕವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಪ್ರೇರಿ ವೋಲ್ ಎಂಬ ಅಮೆರಿಕದ ಹುಲ್ಲುಗಾವಲಿನ ಇಲಿಯಲ್ಲಿ, ಮರಿಯಾಗಿದ್ದಾಗ ದೊರೆತ ಆರೈಕೆಯು ಗ್ರಾಹಕದ ಜೀನಿನ ಮೇಲೆ ರಾಸಾಯನಿಕ ಗುರುತನ್ನು ಉಳಿಸುವುದೆಂದು 2019ರಲ್ಲಿ ತಿಳಿಯಿತು. ಅಕ್ಷರ ಬದಲಾಗುವುದಿಲ್ಲ, ಓದುವ ಕ್ರಮ ಬದಲಾಗುತ್ತದೆ.

ಈ ವೋಲ್ ಗಂಡುಹೆಣ್ಣುಗಳ ದೀರ್ಘ ಜೋಡಿಬಾಳಿಗೆ ಪ್ರಸಿದ್ಧ. ಅದರ ಬಂಧು, ಬೆಟ್ಟಗಾಡಿನ ವೋಲ್, ಹಾಗೆ ಬಾಳುವುದಿಲ್ಲ. ಇವೆರಡರ ಮಿದುಳಿನಲ್ಲಿ ಗ್ರಾಹಕಗಳ ಹಂಚಿಕೆ ಬೇರೆಯೆಂದು 1992ರಲ್ಲಿ ಇನ್ಸೆಲ್ ಮತ್ತು ಶಪೀರೋ ತೋರಿಸಿದರು. ಬೆಳೆದ ಹೆಣ್ಣು ವೋಲ್‌ನ ಗ್ರಾಹಕಗಳನ್ನು ಔಷಧದಿಂದ ತಡೆದರೆ ಜೋಡಿ ಕೂಡಿಬರುತ್ತಿರಲಿಲ್ಲ. ಅಲ್ಲಿಂದ ಆಕ್ಸಿಟೋಸಿನ್ನಿಗೆ ‘ಪ್ರೇಮದ್ರವ್ಯ’ವೆಂಬ ಬಿರುದು ಪತ್ರಿಕೆಗಳಲ್ಲಿ ಹಬ್ಬಿತು, ಇದು ಮೊದಲಿನ ಹೆಸರಿಗಿಂತಲೂ ಹೆಚ್ಚು ದಾರಿತಪ್ಪಿಸುವಂಥದು.

2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಈ ಗ್ರಾಹಕವೇ ಇಲ್ಲದ ವೋಲ್‌ಗಳನ್ನು ಹುಟ್ಟಿಸಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಅವು ಜೋಡಿ ಕಟ್ಟಿದವು, ಮರಿಗಳನ್ನೂ ಸಾಕಿದವು! ಹಾಗಾದರೆ ಹಿಂದಿನ ಪ್ರಯೋಗಗಳು ಸುಳ್ಳೇ? ಹಾಗೆ ಹೇಳಲಾಗದು. ಬೆಳೆದ ಮಿದುಳಿನಲ್ಲಿ ಹಠಾತ್ತಾಗಿ ಬಾಗಿಲು ಮುಚ್ಚುವುದು ಒಂದು. ಮೊದಲಿನಿಂದಲೇ ಆ ಬಾಗಿಲಿಲ್ಲದೆ ಮಿದುಳು ಬೆಳೆಯುವುದು ಮತ್ತೊಂದು. ಬೆಳೆಯುವ ಮಿದುಳು ಬೇರೆ ಹಾದಿಯನ್ನು ಅರಸಿಕೊಂಡಿರಬಹುದು. ಅಥವಾ ಈ ಕಾರ್ಯಕ್ಕೆ ಮೊದಲಿನಿಂದಲೂ ಹಲವು ಹಾದಿಗಳಿದ್ದಿರಬಹುದು. ಎರಡರಲ್ಲಿ ಯಾವುದೆಂಬುದನ್ನು ಆ ಪ್ರಯೋಗವೊಂದರಿಂದಲೇ ನಿರ್ಣಯಿಸಲಾಗದು. ಗ್ರಾಹಕವಿಲ್ಲದ ತಾಯಿ ವೋಲ್‌ಗಳಲ್ಲಿ ಕೆಲವು ಹಾಲನ್ನೂ ಊಡಿಸಿದವು. ಆದರೆ ಅವುಗಳ ಮರಿಗಳಲ್ಲಿ ಹಾಲು ಬಿಡುವ ವಯಸ್ಸನ್ನು ಮುಟ್ಟಿದವು ಕಡಿಮೆ. ಮುಟ್ಟಿದವುಗಳ ತೂಕವೂ ಉಳಿದ ಮರಿಗಳಿಗಿಂತ ಕಡಿಮೆ.