ಎಡವಿದ ಆಟಗಾರನಿಗೆ ಎರಡನೆಯ ಅವಕಾಶ

"ನಡೆಯುವವರು ಎಡವದೆ ಕುಳಿತವರು ಎಡವುವರೇ?" ಎಂಬುದು ನಮ್ಮ ಹಿರಿಯರ ಮಾತು. "ಮಾಡಿದ್ದುಣ್ಣೋ ಮಹಾರಾಯ" ಎಂಬುದೂ ಅವರದೇ ಮಾತು. ಮೊದಲನೆಯದು ಕ್ಷಮಿಸು ಎನ್ನುತ್ತದೆ, ಎರಡನೆಯದು ಅನುಭವಿಸು ಎನ್ನುತ್ತದೆ. ಆಟದ ಮೈದಾನದ ಹೊರಗೆ ಗಂಭೀರ ತಪ್ಪು ಮಾಡಿದ ಯುವ ಆಟಗಾರನಿಗೆ ಮತ್ತೊಂದು ಅವಕಾಶ ಕೊಡಬೇಕೇ ಎಂಬ ವಿಷಯವನ್ನು ನಮ್ಮ ಕನ್ನಡ ತರಗತಿಯಲ್ಲಿ ಚರ್ಚೆಗೆ ಇಟ್ಟಾಗ, ಮಕ್ಕಳು ಈ ಎರಡು ಗಾದೆಗಳಂತೆಯೇ ಎರಡು ಗುಂಪಾದರು. ಗಂಟೆ ಹೊಡೆದರೂ ತೀರ್ಮಾನವಾಗಲಿಲ್ಲ. ಆ ಚರ್ಚೆಯನ್ನು ಮುಂದುವರಿಸಲು ಈ ಪಾಠ.

ಮೊದಲು ನಿಮಗೆಲ್ಲ ಗೊತ್ತಿರುವ ಒಂದು ಉದಾಹರಣೆ. 2019ರ ಜನವರಿಯಲ್ಲಿ ನಮ್ಮ ಕನ್ನಡಿಗ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಭಾಗವಹಿಸಿದ್ದ ಟಿ.ವಿ. ಕಾರ್ಯಕ್ರಮದಲ್ಲಿ ಮಹಿಳೆಯರ ಬಗ್ಗೆ ಹಗುರವಾದ ಮಾತುಗಳು ಬಂದವು. ಕ್ರಿಕೆಟ್ ಮಂಡಳಿ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸು ಕರೆಸಿತು. ಸುಮಾರು ಎರಡು ವಾರಗಳಲ್ಲಿ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಅದರಲ್ಲಿ ಅರ್ಧ ಹುತಾತ್ಮ ಯೋಧರ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್ಟಿಗೆ. ಅದೇ ವರ್ಷ ಇಬ್ಬರೂ ವಿಶ್ವಕಪ್ ಆಡಿದರು. ಇದು ಬಾಯಿಯ ತಪ್ಪು, ಅಪರಾಧವಲ್ಲ. ಆದ್ದರಿಂದ ಇಲ್ಲಿ ಎರಡನೆಯ ಅವಕಾಶ ಸುಲಭವಾಗಿಯೇ ಸಿಕ್ಕಿತು.

ತಪ್ಪು ಇನ್ನೂ ಗಂಭೀರವಾಗಿದ್ದರೆ? ಅಮೆರಿಕದ ಫುಟ್‌ಬಾಲ್ ತಾರೆ ಮೈಕೆಲ್ ವಿಕ್ ತನ್ನ ಜಮೀನಿನಲ್ಲಿ ನಾಯಿಗಳ ಕಾದಾಟ ನಡೆಸುತ್ತಿದ್ದುದು 2007ರಲ್ಲಿ ಬಯಲಾಯಿತು. ಆತನಿಗೆ 23 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಬದುಕುಳಿದ ನಾಯಿಗಳ ಪಾಲನೆಗೆಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಕೊಡಬೇಕಾಯಿತು. 2009ರಲ್ಲಿ ಫಿಲಡೆಲ್ಫಿಯಾ ತಂಡ ಆತನಿಗೆ ಬಾಗಿಲು ತೆರೆಯಿತು. ಆತ ಬರೀ ಆಟವಾಡಿ ಸುಮ್ಮನಾಗಲಿಲ್ಲ. ಪ್ರಾಣಿದಯಾ ಸಂಸ್ಥೆಯೊಂದರ ಜೊತೆ ಸೇರಿ ಮಕ್ಕಳಿಗೆ ನಾಯಿಕಾದಾಟದ ವಿರುದ್ಧ ತಿಳಿಹೇಳಿದ. 2011ರಲ್ಲಿ ಅಂಥ ಕಾದಾಟ ನೋಡಲು ಹೋಗುವುದನ್ನೂ ಅಪರಾಧವಾಗಿಸುವ ಮಸೂದೆಯ ಪರವಾಗಿ ಮಾತನಾಡಿದ. ಆತನನ್ನು ಕ್ಷಮಿಸದವರು ಇಂದಿಗೂ ಇದ್ದಾರೆ. ಅದು ಅವರ ಹಕ್ಕು. ಆದರೆ ಎಲ್ಲಿ ಗಾಯ ಮಾಡಿದ್ದನೋ ಅಲ್ಲಿಗೇ ಮದ್ದು ಹಚ್ಚಲು ಆತ ಪ್ರಯತ್ನಿಸಿದ ಎಂಬುದನ್ನು ಗಮನಿಸಿ.

ಈಗ ಮೂರನೆಯ ಉದಾಹರಣೆ. ಐಸ್ ಹಾಕಿ ನಮಗೆ ಅಷ್ಟು ಪರಿಚಿತ ಆಟವಲ್ಲ. ಆದರೂ ಇದನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಇಲ್ಲಿನ ತಪ್ಪು ಇಬ್ಬರು ಸಹಪಾಠಿಗಳ ನಡುವೆ ನಡೆದದ್ದು. ಅಮೆರಿಕದ ಓಹಾಯೋ ರಾಜ್ಯದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ, ಬುದ್ಧಿ ಬೆಳವಣಿಗೆಯ ತೊಂದರೆಯಿದ್ದ ಕಪ್ಪುವರ್ಣೀಯ ಸಹಪಾಠಿಗೆ ಮೋಸದಿಂದ ಹೊಲಸು ತಾಗಿಸಿದ ಮಿಠಾಯಿ ನೆಕ್ಕಿಸಿದ. ಇಂಥ ಪೀಡನೆ ವರ್ಷಗಳಿಂದ ನಡೆದಿತ್ತು ಎಂದು ನೊಂದ ಬಾಲಕನ ಮನೆಯವರು ಹೇಳಿದರು. 2016ರಲ್ಲಿ ಬಾಲ ನ್ಯಾಯಾಲಯದಲ್ಲಿ ಆ ಹುಡುಗ ತಪ್ಪೊಪ್ಪಿಕೊಂಡ. ಇಬ್ಬರೂ ಆಗ ಮಕ್ಕಳಾಗಿದ್ದುದರಿಂದ ಹೆಸರುಗಳು ನಮಗೆ ಬೇಡ.

ತಪ್ಪು ಮಾಡಿದವನು ಬೆಳೆದು ಒಳ್ಳೆಯ ಆಟಗಾರನಾದ. 2020ರಲ್ಲಿ ತನ್ನ ಹಿಂದಿನ ನಡತೆಗೆ ವಿಷಾದಿಸಿ ರಾಷ್ಟ್ರೀಯ ಹಾಕಿ ಲೀಗಿನ 31 ತಂಡಗಳಿಗೂ ಪತ್ರ ಬರೆದ. ಅರಿಜೋನಾ ತಂಡ ಆತನನ್ನು ಆರಿಸಿಕೊಂಡಿತು. ಆದರೆ ನೊಂದ ಬಾಲಕನಿಗೆ, ನ್ಯಾಯಾಲಯ ಬರೆಸಿದ ಪತ್ರವೊಂದನ್ನು ಬಿಟ್ಟರೆ, ತಾನಾಗಿ ಕ್ಷಮೆ ಕೇಳಿರಲಿಲ್ಲ! ವಿಷಯ ಪತ್ರಿಕೆಗಳಲ್ಲಿ ಬಂದ ಮೇಲೆ ತಂಡ ಆತನನ್ನು ಕೈಬಿಟ್ಟಿತು. 2022ರ ನವೆಂಬರ್‌ನಲ್ಲಿ ಬಾಸ್ಟನ್ ತಂಡ ಒಪ್ಪಂದ ಮಾಡಿಕೊಂಡು ಎರಡೇ ದಿನಗಳಲ್ಲಿ ಹಿಂದೆ ಸರಿಯಿತು. ಒಪ್ಪಂದಕ್ಕೆ ಕೆಲವೇ ದಿನ ಮುಂಚೆ ಆತ ಸಾಮಾಜಿಕ ಜಾಲತಾಣದ ಮೂಲಕ ಕ್ಷಮೆ ಕೇಳಿದ್ದ. ಅಷ್ಟು ತಡವಾಗಿ ಬಂದ ಕ್ಷಮೆ ಯಾರಿಗಾಗಿ ಎಂಬ ಸಂಶಯ ಉಳಿದೇ ಉಳಿಯಿತು.

ವಿದ್ಯಾರ್ಥಿಗಳೇ, ಈ ಪಾಠದ ಸಾರವೆಲ್ಲ ಇಲ್ಲಿದೆ ಎಂದರೆ ತಪ್ಪಾಗಲಾರದು. ಮೂವತ್ತೊಂದು ಪತ್ರಗಳು ಕೆಲಸ ಕೊಡುವವರ ವಿಳಾಸಕ್ಕೆ ಹೋದವು. ಹೋಗಬೇಕಾಗಿದ್ದ ಮನೆಗೆ ಮಾತ್ರ ಹೋಗಲಿಲ್ಲ.

ಹಾಗಾದರೆ ಹದಿನಾಲ್ಕರ ಹುಡುಗನ ತಪ್ಪನ್ನು ಜೀವನವಿಡೀ ಹೊರಿಸಬೇಕೇ? ಖಂಡಿತ ಬೇಡ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಎಳೆಯ ಗಿಡ ಬಗ್ಗುತ್ತದೆ ಎಂಬ ಭರವಸೆಯೂ ಅದೇ ಮಾತಿನಲ್ಲಿದೆ. ಭಾರತದ 2015ರ ಬಾಲ ನ್ಯಾಯ ಕಾಯ್ದೆಯು ವಿಶೇಷ ಸಂದರ್ಭಗಳನ್ನು ಬಿಟ್ಟು ಮಕ್ಕಳ ಹಳೆಯ ದಾಖಲೆಗಳನ್ನು ಅಳಿಸಬೇಕು ಎಂಬ "ಹೊಸ ಆರಂಭ"ದ ತತ್ವವನ್ನು ಒಪ್ಪಿದೆ. ಆದರೆ ಅವಕಾಶ ಎಂಬ ಒಂದೇ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ಓದುವ, ದುಡಿಯುವ, ಒಳ್ಳೆಯವನಾಗಿ ಬಾಳುವ ಅವಕಾಶ ಎಲ್ಲರಿಗೂ ಸಲ್ಲಬೇಕು. ತಂಡದ ಸಮವಸ್ತ್ರ ಧರಿಸಿ ಸಾವಿರಾರು ಜನರ ಚಪ್ಪಾಳೆ ಪಡೆಯುವುದು ಗೌರವ. ಅದನ್ನು ಮತ್ತೆ ಗಳಿಸಬೇಕು.

ಗಳಿಸಿದ್ದಾನೆಯೇ ಎಂದು ತಿಳಿಯಲು ನಾಲ್ಕು ಪ್ರಶ್ನೆಗಳು:

1. ಸಿಕ್ಕಿಬಿದ್ದ ಮೇಲಾದರೂ ನೆಪ ಹೇಳದೆ ತಪ್ಪನ್ನು ಒಪ್ಪಿಕೊಂಡನೇ?
2. ಶಿಕ್ಷೆಯನ್ನು ಪೂರ್ತಿ ಅನುಭವಿಸಿದನೇ?
3. ನೊಂದವರ ಬಳಿಗೆ ಮೊದಲು ಹೋದನೇ, ಆಯ್ಕೆದಾರರ ಬಳಿಗೋ?
4. ಯಾರೂ ನೋಡದಿರುವಾಗಲೂ ನಡತೆ ಬದಲಾಗಿದೆಯೇ?

ಐದನೆಯ ಪ್ರಶ್ನೆ ನಮಗೆ. ಅದೇ ತಪ್ಪು ಮಾಡಿದ, ಆದರೆ ರನ್ ಹೊಡೆಯಲು ಬಾರದ ಹುಡುಗನಿಗೂ ನಾವು ಅದೇ ಅವಕಾಶ ಕೊಡುತ್ತೇವೆಯೇ? ಇಲ್ಲವೆಂದಾದರೆ ನಾವು ಕ್ಷಮಿಸುತ್ತಿರುವುದು ಹುಡುಗನನ್ನಲ್ಲ, ಅವನ ಬ್ಯಾಟನ್ನು.

ಶಾಲಾ ತಂಡದಲ್ಲಿರುವ ಮಕ್ಕಳು ಇದನ್ನು ವಿಶೇಷವಾಗಿ ನೆನಪಿಡಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬನನ್ನು ಹೀಯಾಳಿಸಿದ್ದನ್ನು ನಾವು ಮರೆತಿರಬಹುದು. ಹೀಯಾಳಿಸಿಕೊಂಡವನು ಮರೆತಿರುವುದಿಲ್ಲ. ಕ್ಷಮಿಸಲೇಬೇಕೆಂದು ಅವನನ್ನು ಒತ್ತಾಯಿಸುವ ಹಕ್ಕು ನಮಗಿಲ್ಲ, ಕೇಳುವ ಕರ್ತವ್ಯ ಮಾತ್ರ ಇದೆ. ಪದಕ ಬರುವ ಮುನ್ನವೇ, ಯಾರೂ ಹೇಳುವ ಮುನ್ನವೇ ಕೇಳಿದರೆ ಅದಕ್ಕೆ ಬೆಲೆ.

ಯೋಚಿಸಿ, ಚರ್ಚಿಸಿ: ನೀವು ತಂಡದ ನಾಯಕರಾಗಿದ್ದು, ಇಂಥ ಆಟಗಾರನನ್ನು ಸೇರಿಸಿಕೊಳ್ಳಲೇ ಎಂದು ಕೋಚ್ ನಿಮ್ಮನ್ನು ಕೇಳಿದರೆ ಏನು ಹೇಳುವಿರಿ? ಉತ್ತರ ಕೊಡುವ ಮುನ್ನ, ನೊಂದ ಬಾಲಕ ಅದೇ ಪಂದ್ಯವನ್ನು ನೋಡಲು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ ಎಂದು ಭಾವಿಸಿಕೊಳ್ಳಿ.